ಹೋಗಿ ಬರುತ್ತೇವೆ

ಪ್ರವಾಸದ ದಿನಗಳಲ್ಲೆಲ್ಲ ಕಷ್ಟದ ದಿನವೆಂದರೆ ಕೊನೆಯ ದಿನ. ಮೊದಲ ದಿನ ಉತ್ಸಾಹವೇ ಊರುಗೋಲಾಗಿ ನಡೆಸುತ್ತದೆ. ನಡುವಣ ದಿನಗಳಲ್ಲಿ ಊಟ, ನಿದ್ರೆ, ತಿರುಗಾಟ ಎಲ್ಲವೂ ಒಂದು ಹದಕ್ಕೆ ಬಂದಿರುತ್ತವೆ. ಕೊನೆಯ ದಿನ ಬೆಳಗಾಯಿತೆಂದರೆ, ನೋಡದೆ ಉಳಿದ ಜಾಗಗಳೆಲ್ಲ ಸಾಲ ಕೊಟ್ಟವರಂತೆ ಬಂದು ಬಾಗಿಲಲ್ಲಿ ನಿಲ್ಲುತ್ತವೆ. ಇಷ್ಟು ದೂರ ಬಂದು, ಇಷ್ಟು ಖರ್ಚು ಮಾಡಿ, ಅದೊಂದನ್ನು ನೋಡದೆ ಹೋಗುವುದೆಂತು ಎಂದು ಮನೆಯ ಯಜಮಾನರು ಅವಸರಪಡಿಸುತ್ತಾರೆ. ಬಟ್ಟೆಬರೆಗಳನ್ನು ಚೀಲಕ್ಕೆ ತುಂಬುತ್ತಿರುವ ಗೃಹಿಣಿ ಮಾತನಾಡುವುದಿಲ್ಲ. ಆಕೆಯ ಮನಸ್ಸಿನಲ್ಲಿಯೂ ಒಂದು ಜಾಗವಿರುತ್ತದೆ. ಅದು ಯಾವುದೆಂದು ಕೇಳುವವರು ಕಡಿಮೆ.

ರಾಯಚೂರು ಜಿಲ್ಲೆಯ ತುರ್ವಿಹಾಳದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿದ್ದಾರೆ. ಊರಿನವರೆಲ್ಲ ಅವರನ್ನು ಮಾಸ್ತರರೆಂದೇ ಕರೆಯುತ್ತಾರೆ. ಅವರ ಮನೆಯಲ್ಲಿ ಇಂಥದೊಂದು ಕೊನೆಯ ದಿನದ ಮಾತು ಎರಡು ವರ್ಷಗಳ ಕಾಲ ಬೂದಿ ಮುಚ್ಚಿದ ಕೆಂಡದಂತೆ ಇತ್ತು. ಅವರ ಮಗ ಜರ್ಮನಿಯಲ್ಲಿ ಎಂಜಿನಿಯರ್. ಎರಡು ವರ್ಷಗಳ ಹಿಂದೆ ತಂದೆತಾಯಿಗಳನ್ನು ತನ್ನಲ್ಲಿಗೆ ಕರೆಸಿಕೊಂಡು, ನಾಲ್ಕು ದಿನದ ಮಟ್ಟಿಗೆ ರೋಮ್ ನಗರವನ್ನು ತೋರಿಸಲು ಕರೆದೊಯ್ದಿದ್ದನು. ಮೂವತ್ತೈದು ವರ್ಷ ಪಾಠದ ಟಿಪ್ಪಣಿ ಬರೆದ ಕೈ ಸುಮ್ಮನಿರುವುದೇ? ಮಾಸ್ತರರು ಒಂದು ಸಣ್ಣ ಪುಸ್ತಕದಲ್ಲಿ ದಿನಕ್ಕೊಂದು ವೇಳಾಪಟ್ಟಿಯನ್ನು ಬರೆದುಕೊಂಡಿದ್ದರು. ನೋಡಿದ ಜಾಗದ ಮುಂದೆ ಕೆಂಪು ಮಸಿಯಲ್ಲಿ ಒಂದು ಗೆರೆ.

ಕೊನೆಯ ದಿನದ ಪಟ್ಟಿಯಲ್ಲಿ ಏಳು ಜಾಗಗಳಿದ್ದವು. ಮಾಸ್ತರರ ಮಡದಿ ಕೇಳಿದ್ದು ಒಂದನ್ನೇ: ಟ್ರೆವಿಯ ಕಾರಂಜಿ. ಅದಕ್ಕೆ ಬೆನ್ನು ಮಾಡಿ ನಿಂತು, ಬಲಗೈಯಿಂದ ಎಡ ಹೆಗಲಿನ ಮೇಲಾಗಿ ಒಂದು ನಾಣ್ಯವನ್ನು ನೀರಿಗೆ ಎಸೆದವರು ಮತ್ತೆ ರೋಮ್‌ಗೆ ಬರುತ್ತಾರೆ ಎಂಬುದು ಅಲ್ಲಿಯ ನಂಬಿಕೆ. ಸೊಸೆ ಹೇಳಿದ ಈ ಮಾತು ಆಕೆಯ ಮನಸ್ಸಿಗೆ ಹಿಡಿಸಿತ್ತು. ಆಕೆಗೆ ರೋಮಿನ ಆಸೆಯೇನೂ ಇರಲಿಲ್ಲ. ಮಗನಿರುವ ಸೀಮೆಗೆ ಮತ್ತೊಮ್ಮೆ ಬರುವ ದಾರಿ ಒಂದು ನಾಣ್ಯದಷ್ಟು ಅಗ್ಗವಾಗಿದ್ದರೆ ಯಾವ ತಾಯಿ ಬಿಟ್ಟಾಳು?

ಆದರೆ ಪಟ್ಟಿ ಪಟ್ಟಿಯೇ. ಬೆಳಗಿನ ಎರಡು ಚರ್ಚುಗಳು ಮುಗಿಯುವ ಹೊತ್ತಿಗೆ ಹೊತ್ತು ಏರಿತ್ತು. ಮೂರನೆಯ ಕಡೆ ಸಾಲಿನಲ್ಲಿ ನಿಂತು ಕಾಲು ಸೋತವು. ಪ್ಯಾಂಥಿಯನ್ ಎಂಬ ಪ್ರಾಚೀನ ದೇಗುಲವನ್ನು ಹೊಕ್ಕಾಗ ಸಂಜೆಯಾಗತೊಡಗಿತ್ತು. ಹತ್ತೊಂಬತ್ತು ಶತಮಾನಗಳಿಂದ ನಿಂತಿರುವ ಅದರ ಗುಮ್ಮಟದ ಅಡ್ಡಳತೆ 43 ಮೀಟರಿಗಿಂತ ಹೆಚ್ಚು. ಅದರ ನೆತ್ತಿಯಲ್ಲಿ ಒಂದು ದುಂಡನೆಯ ಬಯಲು ಗವಾಕ್ಷಿ. ಬಿಸಿಲೂ ಮಳೆಯೂ ಅದರಿಂದಲೇ ಒಳಕ್ಕಿಳಿಯುತ್ತವೆ. ಅದನ್ನು ಕತ್ತೆತ್ತಿ ನೋಡಿದ್ದು ಎರಡು ನಿಮಿಷ. ಅಲ್ಲಿಂದ ಟ್ರೆವಿಗೆ ಹತ್ತೇ ನಿಮಿಷದ ದಾರಿ. ರೈಲಿನ ವೇಳೆಯಾಯಿತೆಂದು ಅವರು ಹಿಂದಿರುಗಿದರು. ತಾಯಿ ಏನೂ ಅನ್ನಲಿಲ್ಲ. ಮುಷ್ಟಿಯಲ್ಲಿ ಹಿಡಿದಿದ್ದ ನಾಣ್ಯವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಊರಿಗೆ ಬಂದ ಮೇಲೆ ಅದು ದೇವರ ಕೋಣೆಯ ಕುಂಕುಮದ ಬಟ್ಟಲಿನ ಪಕ್ಕಕ್ಕೆ ಹೋಯಿತು. ಪೂಜೆಗೆ ಕುಳಿತಾಗಲೆಲ್ಲ ಮಾಸ್ತರರ ಕಣ್ಣು ಅದರ ಮೇಲೆ ಬೀಳುತ್ತಿತ್ತು.

ಕಳೆದ ಡಿಸೆಂಬರಿನಲ್ಲಿ ಮಗ ಹೆಂಡತಿ ಮಗಳೊಡನೆ ರಜೆಗೆ ಬಂದನು. ಎರಡು ವಾರದ ರಜೆ ನೋಡುನೋಡುತ್ತಿದ್ದಂತೆ ಕರಗಿ, ಕೊನೆಯ ಮೂರು ದಿನಗಳು ಉಳಿದಾಗ ಹಂಪೆಯ ಮಾತು ಬಂತು. ಕಲ್ಲು ಎಸೆದರೆ ಬೀಳುವಷ್ಟು ದೂರದಲ್ಲಿರುವುದನ್ನು ಮನುಷ್ಯ ನೋಡುವುದು ಕಡಿಮೆ. ಹನ್ನೊಂದು ವರ್ಷದ ಮೊಮ್ಮಗಳು ರೋಮನ್ನೂ ವೆನಿಸ್ಸನ್ನೂ ಕಂಡಿದ್ದಳು. ತಾತನ ಊರಿನಿಂದ ಅರ್ಧ ದಿನದ ದಾರಿಯೂ ಅಲ್ಲದ ಹಂಪೆಯನ್ನು ಕಂಡಿರಲಿಲ್ಲ. ತಾತನಾದರೂ ಶಾಲೆಯ ಮಕ್ಕಳನ್ನು ಕರೆದುಕೊಂಡು ಎರಡು ಬಾರಿ ಹೋಗಿದ್ದರು. ಎರಡು ಬಾರಿಯೂ ಹಂಪೆಗಿಂತ ಹೆಚ್ಚಾಗಿ ಮಕ್ಕಳ ತಲೆಗಳನ್ನೇ ಎಣಿಸಿ ಬಂದಿದ್ದರು.

ತಾವರಗೇರಾ, ಕನಕಗಿರಿ, ಗಂಗಾವತಿಗಳ ದಾರಿಯಾಗಿ ಕಾರು ಹೊರಟಿತು. ತುಂಗಭದ್ರೆಯನ್ನು ದಾಟಿ, ಕಮಲಾಪುರದಲ್ಲಿ ಬೀಡು. ಮೊದಲ ದಿನ ವಿರೂಪಾಕ್ಷನ ದರ್ಶನ, ಕಡಲೆಕಾಳು ಗಣಪತಿ, 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆದ ಲಕ್ಷ್ಮೀನರಸಿಂಹ, ಅದರ ಮಗ್ಗುಲಲ್ಲಿ ನೀರಿನ ನಡುವೆ ನಿಂತ ಬಡವಿಲಿಂಗ. ಎರಡನೆಯ ದಿನ ಅರಮನೆಯ ಆವರಣ, ಮಹಾನವಮಿ ದಿಬ್ಬ, ಹಜಾರರಾಮನ ಗುಡಿ, ಆನೆಲಾಯ. ಇಳಿಹೊತ್ತಿಗೆ ವಿಠ್ಠಲನ ದೇಗುಲ. ಐವತ್ತು ರೂಪಾಯಿಯ ನೋಟಿನ ಬೆನ್ನಿನ ಮೇಲಿರುವ ಕಲ್ಲಿನ ರಥವನ್ನು ನೋಟಿನೊಡನೆ ಹೋಲಿಸಿ ನೋಡಿ ಮೊಮ್ಮಗಳು ಸಂತೋಷಪಟ್ಟಳು. ಪುಸ್ತಕದಲ್ಲಿ ಕೆಂಪು ಗೆರೆಗಳು ಬೆಳೆದವು. ಅಜ್ಜಿಯ ಮೊಣಕಾಲೂ ಊದಿಕೊಂಡಿತು.

ಮೂರನೆಯ ದಿನ ಬೆಳಗ್ಗೆ ಮಾಸ್ತರರು ಕನ್ನಡಕ ಏರಿಸಿ ಪುಸ್ತಕವನ್ನು ಬಿಚ್ಚಿದರು. ಅಚ್ಯುತರಾಯನ ಗುಡಿ, ಮಾಲ್ಯವಂತ, ಪಟ್ಟಾಭಿರಾಮ, ನವಬೃಂದಾವನ, ಐದುನೂರಕ್ಕೂ ಮೇಲೆ ಮೆಟ್ಟಿಲುಗಳ ಅಂಜನಾದ್ರಿ, ಕಮಲಾಪುರದ ವಸ್ತುಸಂಗ್ರಹಾಲಯ. ಆರು ಜಾಗಗಳು ಉಳಿದಿದ್ದವು. ಮರುದಿನ ಬೆಳಗಿನ ಜಾವಕ್ಕೆ ಮಗ ಹೈದರಾಬಾದಿನ ವಿಮಾನ ನಿಲ್ದಾಣಕ್ಕೆ ಹೊರಡಬೇಕು. ಆದುದರಿಂದ ಸಂಜೆಯೊಳಗೆ ತುರ್ವಿಹಾಳ ಸೇರಬೇಕು. ಮಾಸ್ತರರು ಬಾಯಿ ತೆರೆಯುವಷ್ಟರಲ್ಲಿ ಮಡದಿಯ ಕಡೆ ನೋಡಿದರು. ಆಕೆ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು; ಮಾತನಾಡಲಿಲ್ಲ. ಆ ಮೌನವನ್ನು ಅವರು ಹಿಂದೆಯೂ ಒಮ್ಮೆ ಕಂಡಿದ್ದರು.

ಪುಸ್ತಕವನ್ನು ಮುಚ್ಚಿ ಕೇಳಿದರು: “ನಿನಗ ಎಲ್ಲಿಗೆ ಹೋಗಬೇಕು ಅನಸ್ತದ?”

ಆಕೆ ಕೂಡಲೇ ಉತ್ತರ ಕೊಡಲಿಲ್ಲ. ಇಷ್ಟು ವರ್ಷಗಳಲ್ಲಿ ಹೀಗೆ ಕೇಳಿದ್ದು ಹೊಸತು. ಕಡೆಗೆ, “ಮೊನ್ನೆ ಹೋಗಿದ್ವಲ್ರೀ, ಆ ವಿರೂಪಾಕ್ಷನ ಗುಡಿ ಮಗ್ಗುಲು ಗುಡ್ಡ. ಅಲ್ಲಿ ಒಂದಿಷ್ಟು ಕೂಡಬೇಕು. ಆಮ್ಯಾಲ ಹೊಳಿ ದಂಡಿಗೆ ಹೋಗಬೇಕು. ಅಷ್ಟ,” ಎಂದಳು.

“ನೋಡಿದ್ದನ್ನ ಮತ್ತ ನೋಡೂದೇನವ್ವ?” ಎಂದು ಮಗ ನಕ್ಕನು.

“ನೋಡಿದ್ದೆಲ್ಲಿ? ನಡದದ್ದಷ್ಟ ಆತು,” ಎಂದಳು ತಾಯಿ.

ಆ ಭಾಗದಲ್ಲಿ ಒಂದು ಗಾದೆಯಿದೆ: ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು. ಹಂಪೆಯ ಹರಹು ಅಷ್ಟು ದೊಡ್ಡದು, ಕನಕಗಿರಿಯ ಕನಕಾಚಲಪತಿ ದೇವಾಲಯದ ಶಿಲ್ಪ ಅಷ್ಟು ನಾಜೂಕು ಎಂದು ಅದರ ತಾತ್ಪರ್ಯ. ಮಾಸ್ತರರು ಈ ಗಾದೆಯನ್ನು ಮಕ್ಕಳಿಗೆ ನೂರಾರು ಸಲ ಹೇಳಿದ್ದರು. ಹಂಪೆಯಲ್ಲಿಯೂ ಕಾಲಿನ ದಿನಗಳು ಮುಗಿದ ಮೇಲೆ ಒಂದು ಕಣ್ಣಿನ ದಿನ ಬೇಕೆಂಬುದು ಆ ದಿನ ಹೊಳೆಯಿತು.

ಹೇಮಕೂಟ ಎತ್ತರದ ಗುಡ್ಡವಲ್ಲ. ಹಾಸುಬಂಡೆಯ ಮೇಲೆ ಮೆಲ್ಲಗೆ ಹತ್ತಿದರೆ ನೋವಿನ ಕಾಲಿಗೂ ಸಾಧ್ಯ. ಅದರ ಮೇಲಿನ ಸಣ್ಣ ಗುಡಿಗಳಲ್ಲಿ ಹಲವು ವಿಜಯನಗರಕ್ಕಿಂತ ಹಿಂದಿನವು; ಶಿಖರಗಳು ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಹೋಗುತ್ತವೆ. ಅಂಥ ಒಂದು ಗುಡಿಯ ಜಗಲಿಯ ಮೇಲೆ ಕುಟುಂಬವೆಲ್ಲ ಕುಳಿತಿತು. ಕೆಳಗೆ ವಿರೂಪಾಕ್ಷನ ಒಂಬತ್ತು ನೆಲೆಗಳ ಪೂರ್ವಗೋಪುರ. ಅದರ ಮುಂದೆ ಚಾಚಿದ ರಥಬೀದಿ. ಬೀದಿಯ ಕೊನೆಗೆ ಮತಂಗ ಪರ್ವತ. ಉತ್ತರಕ್ಕೆ ಬಂಡೆಗಳ ನಡುವೆ ತುಂಗಭದ್ರೆ. ಹತ್ತು ನಿಮಿಷ ಯಾರೂ ಮಾತನಾಡಲಿಲ್ಲ. ಮೊಮ್ಮಗಳೇ ಮೌನ ಮುರಿದಳು.

“ತಾತ, ರೋಮ್ ದೊಡ್ಡದೋ, ಇದು ದೊಡ್ಡದೋ?”

ಇದೇ ಪ್ರಶ್ನೆಯನ್ನು ಐನೂರು ವರ್ಷಗಳ ಹಿಂದೆ ಒಬ್ಬ ಪ್ರವಾಸಿ ತನ್ನನ್ನು ತಾನೇ ಕೇಳಿಕೊಂಡಿದ್ದನು. ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಈ ನಗರಕ್ಕೆ ಬಂದವನು. ಊರಿನ ವಿಸ್ತಾರವನ್ನು ಅಳೆಯಲೆಂದು ಒಂದು ಗುಡ್ಡವನ್ನು ಹತ್ತಿದನು. ನಗರ ಬೆಟ್ಟಸಾಲುಗಳ ನಡುವೆ ಹಂಚಿಹೋಗಿದ್ದುದರಿಂದ ಇಡೀ ಊರು ಅವನ ಕಣ್ಣಿಗೆ ಸಿಕ್ಕಲಿಲ್ಲ. ಕಂಡಷ್ಟೇ ಭಾಗ ತನಗೆ ರೋಮಿನಷ್ಟು ದೊಡ್ಡದಾಗಿ ತೋರಿತೆಂದು ಬರೆದಿಟ್ಟನು. ಅವನ ಬರವಣಿಗೆಯನ್ನು ರಾಬರ್ಟ್ ಸೀವೆಲ್ ಎಂಬ ವಿದ್ವಾಂಸರು ಇಂಗ್ಲಿಷಿಗೆ ತಂದು 1900ರಲ್ಲಿ ತಮ್ಮ ವಿಜಯನಗರದ ಇತಿಹಾಸದಲ್ಲಿ ಅಚ್ಚು ಹಾಕಿಸಿದರು. ಮಾಸ್ತರರು ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದರು.

“ಹಾಗಾದ್ರೆ ಅವನೂ ಪೂರ್ತಿ ನೋಡಲೇ ಇಲ್ಲ!” ಎಂದಳು ಹುಡುಗಿ.

ತಾತನಿಗೆ ನಗು ಬಂತು. ನಗರ ತುಂಬಿ ತುಳುಕುತ್ತಿದ್ದಾಗ ಬಂದು, ಅರಮನೆಯ ಒಳಾಂಗಣವನ್ನೂ ಮಹಾನವಮಿಯ ವೈಭವವನ್ನೂ ಕಂಡು ಬರೆದವನಿಗೇ ಪೂರ್ತಿ ನೋಡಲಾಗಲಿಲ್ಲ. ಆರು ಜಾಗಗಳ ಬಾಕಿಗೆ ತಾವು ಹೆದರುವುದೇಕೆ?

ಆದರೆ ಈ ಊರಿಗೂ ಒಂದು ಕೊನೆಯ ದಿನವಿತ್ತು. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ರಾಮರಾಯನು ಮಡಿದ ಸುದ್ದಿ ಮುಟ್ಟಿದ ಮೇಲೆ, ಅವನ ತಮ್ಮ ತಿರುಮಲರಾಯನು ಭಂಡಾರವನ್ನು ಆನೆಗಳ ಮೇಲೆ ಹೇರಿಸಿಕೊಂಡು ಪೆನುಗೊಂಡೆಯ ಕಡೆ ಹೊರಟನು. ಎರಡು ವರ್ಷಗಳಾದ ಮೇಲೆ, 1567ರಲ್ಲಿ, ವೆನಿಸ್ಸಿನ ವ್ಯಾಪಾರಿ ಚೆಸಾರೆ ಫೆಡೆರಿಚಿ ಇಲ್ಲಿಗೆ ಬಂದು ಏಳು ತಿಂಗಳು ಇದ್ದನು. ಮನೆಗಳು ನಿಂತಿದ್ದವು, ಒಳಗೆ ಜನರಿರಲಿಲ್ಲ, ಕಾಡುಮೃಗಗಳು ವಾಸವಾಗಿದ್ದವು ಎಂದು ಅವನು ಬರೆದನು. ರಥಬೀದಿಯ ಎರಡೂ ಮಗ್ಗುಲಿನ ಕಲ್ಲುಕಂಬಗಳ ಸಾಲನ್ನು ನೋಡುತ್ತ ಮಾಸ್ತರರು ಈ ಮಾತನ್ನು ಹೇಳಿದಾಗ, ಅಜ್ಜಿ ಮೆಲ್ಲನೆ ಕೇಳಿದಳು: “ಹೋಗಾಗ ಆ ಮಂದಿ, ಮತ್ತ ಬರ್ತೀವಿ ಅಂತನ ಹೋಗಿರಬೇಕಲ್ರೀ?”

ಅದಕ್ಕೆ ಇತಿಹಾಸದ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಮಾಸ್ತರರು ದಕ್ಷಿಣದ ಕಡೆಗೆ ಕೈ ತೋರಿಸಿದರು. ಬಂಡೆಗಳ ಬೂದುಬಣ್ಣದ ನಡುವೆ ಒಂದು ಹಸಿರು ಪಟ್ಟಿ: ಬಾಳೆಯ ತೋಟಗಳು. ಅವುಗಳಿಗೆ ನೀರುಣಿಸುವುದು ತುರ್ತು ಕಾಲುವೆ. ವಿಜಯನಗರದ ಅರಸರ ಕಾಲದಲ್ಲಿ ಹೊಳೆಗೆ ಅಣೆಕಟ್ಟು ಹಾಕಿ ತಿರುಗಿಸಿದ ನೀರು ಇಂದಿಗೂ ಅದರಲ್ಲಿ ಹರಿಯುತ್ತಿದೆ. ಅರಸರು ಹೋದರು, ಅಂಗಡಿಗಳು ಹೋದವು, ಕಾಲುವೆ ಉಳಿಯಿತು.

ತುರ್ವಿಹಾಳದವರಿಗೆ ಕಾಲುವೆಯ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡು ಎಡದಂಡೆಯ ಕಾಲುವೆಗೆ ನೀರು ಬಂದ ಮೇಲಲ್ಲವೇ ಸಿಂಧನೂರು ಸೀಮೆಯ ಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದದ್ದು? ಮೇಲಿನವರು ನೀರು ಬಿಟ್ಟರೇ, ಕೊನೆಯ ಭಾಗದ ಗದ್ದೆಗೆ ಮುಟ್ಟಿತೇ ಎಂಬುದೇ ಅಲ್ಲಿ ಮಳೆಗಾಲದ ಮುಖ್ಯ ವಾರ್ತೆ. ಆ ಕಣ್ಣಿನಿಂದ ನೋಡಿದಾಗ ಹಂಪೆ ಬೇರೆಯಾಗಿಯೇ ಕಂಡಿತು. ಹಿಂದಿನ ದಿನ ಅವಸರದಲ್ಲಿ ದಾಟಿ ಬಂದಿದ್ದ ಅರಮನೆಯ ಆವರಣದ ಕಲ್ಲಿನ ದೋಣಿಗಾಲುವೆ, ಮೆಟ್ಟಿಲುಗಳ ಚೆಲುವಾದ ಪುಷ್ಕರಣಿ, ಬಡವಿಲಿಂಗದ ಬುಡದಲ್ಲಿ ನಿಂತ ನೀರು, ಎಲ್ಲವೂ ಒಂದೇ ಕಥೆಯ ಅಧ್ಯಾಯಗಳಾದವು.

ಆಗ ಮಗನಿಗೆ ಒಂದು ಸಂಗತಿ ನೆನಪಾಯಿತು. ಟ್ರೆವಿಯ ಕಾರಂಜಿಯ ಕಟ್ಟಡ ಮುಗಿದದ್ದು 1762ರಲ್ಲಿ. ಅದಕ್ಕೆ ಬರುವ ನೀರಿನ ದಾರಿಯಾದರೋ ಬಹಳ ಹಳೆಯದು. ಕ್ರಿ.ಪೂ. 19ರಲ್ಲಿ ಅಗ್ರಿಪ್ಪನೆಂಬ ಅಧಿಕಾರಿ ಊರ ಹೊರಗಿನ ಊಟೆಗಳಿಂದ ತಂದ ಕಾಲುವೆ ಅದು. ನಡುವೆ ಕೆಟ್ಟಿತು, ಕಟ್ಟಿತು, ಮತ್ತೆ ಸರಿಪಡಿಸಿದರು. ಆ ಪ್ರಾಚೀನ ದಾರಿಯ ಕೊನೆಯಲ್ಲಿಯೇ ಇಂದಿನ ಕಾರಂಜಿ ನಿಂತಿದೆ.

“ಇಷ್ಟು ದಿವಸ ಯಾಕ ಹೇಳಲಿಲ್ಲಪ್ಪ? ಕಾಲುವೆ ಅಂದಿದ್ರ ನಾನ ಮೊದಲು ಅಲ್ಲಿಗೆ ಓಡತಿದ್ದೆ,” ಎಂದರು ಮಾಸ್ತರರು. ಎರಡು ವರ್ಷಗಳ ಮೇಲೆ ಆ ಹೆಸರು ಅವರ ಬಾಯಲ್ಲಿ ನಗೆಯೊಡನೆ ಬಂದದ್ದನ್ನು ಮಡದಿ ಗಮನಿಸಿದಳು.

ಗುಡ್ಡವಿಳಿದು ಮತ್ತೆ ವಿರೂಪಾಕ್ಷನ ಗುಡಿಗೆ ಹೋದರು. ಮೊದಲ ದಿನ ಜನಸಂದಣಿಯಲ್ಲಿ ತಪ್ಪಿಹೋಗಿದ್ದ ಒಂದು ನೋಟ ಅಲ್ಲಿ ಕಾದಿತ್ತು. ಗರ್ಭಗುಡಿಯ ಹಿಂಬದಿಯ ಕತ್ತಲೆಯ ಕೋಣೆಯೊಂದರ ಗೋಡೆಯಲ್ಲಿ ಸಣ್ಣದೊಂದು ರಂಧ್ರವಿದೆ. ಪೂರ್ವಗೋಪುರದ ಬಿಂಬ ಅದರಿಂದ ಹಾಯ್ದು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಬೆಳಕು ನೇರವಾಗಿ ಚಲಿಸುವುದರಿಂದ ಗೋಪುರದ ತುದಿಯಿಂದ ಹೊರಟ ಕಿರಣ ರಂಧ್ರವನ್ನು ದಾಟಿ ಕೆಳಕ್ಕೂ, ಬುಡದಿಂದ ಹೊರಟದ್ದು ಮೇಲಕ್ಕೂ ಬೀಳುತ್ತದೆ. ಮಾಯೆ ಮಂತ್ರ ಏನೂ ಇಲ್ಲ. ಮೊಮ್ಮಗಳು ಬಹಳ ಹೊತ್ತು ನೋಡಿ, “ರೋಮಿನಲ್ಲಿ ದೊಡ್ಡ ತೂತಿನಿಂದ ಬರೀ ಬಿಸಿಲು ಬರ್ತಿತ್ತು. ಇಲ್ಲಿ ಸಣ್ಣ ತೂತಿನಿಂದ ಗೋಪುರವೇ ಬಂದಿದೆ,” ಎಂದಳು. ಮಾಸ್ತರರು ಅವಳ ತಲೆ ಸವರಿದರು. ಆ ಮಾತನ್ನೂ ಅವರು ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ.

ಕಡೆಗೆ ಹೊಳೆಯ ದಂಡೆ. ಹರಿಗೋಲುಗಳು ಮಗುಚಿ ಬಿದ್ದಿದ್ದವು. ಗುಡಿಯ ಆನೆಯ ಮಜ್ಜನದ ಹೊತ್ತು ಮುಗಿದಿತ್ತು. ಅಜ್ಜಿ ಮೆಟ್ಟಿಲಿನ ಮೇಲೆ ಕುಳಿತು ನೋವಿನ ಕಾಲನ್ನು ನೀರಿಗೆ ಇಳಿಬಿಟ್ಟಳು. ಸೆರಗಿನ ಗಂಟನ್ನು ಬಿಚ್ಚಿ ಒಂದು ನಾಣ್ಯವನ್ನು ತೆಗೆದಳು. ದೇವರ ಕೋಣೆಯಲ್ಲಿದ್ದ ಅದೇ ಪರದೇಶದ ನಾಣ್ಯ. ಬಸ್ಸಿನ ಕಿಟಕಿಯಿಂದ ಹೊಳೆಗೆ ಕಾಸು ಹಾಕಿ ಕೈಮುಗಿಯುವುದು ನಮ್ಮ ಹೆಂಗಸರಿಗೆ ಹೊಸತಲ್ಲ. ಆದರೆ ಆಕೆ ತಾನು ಹಾಕಲಿಲ್ಲ. ಮಗನ ಕಡೆ ಕೈಚಾಚಿದಳು.

“ನೀನ ಹಾಕು. ಅಲ್ಲಿ ಹಾಕಿದ್ರ ನಾ ಬರಬೇಕಾಗಿತ್ತು. ಇನ್ನ ಈ ಕಾಲಿಗೆ ಅದು ಆಗಾದಲ್ಲ. ಇಲ್ಲಿ ಹಾಕಿದ್ರ ನೀ ಬರ್ತಿ.”

ಮಗ ಏನೋ ಹಾಸ್ಯದ ಮಾತು ಹೇಳಲು ಹೊರಟವನು ಸುಮ್ಮನಾದನು. ಹೊಳೆಗೆ ಬೆನ್ನು ಮಾಡಿ ನಿಂತು, ಬಲಗೈಯಿಂದ ಎಡ ಹೆಗಲಿನ ಮೇಲಾಗಿ ನಾಣ್ಯವನ್ನು ಎಸೆದನು. ಅದು ಬಿದ್ದ ಸದ್ದು ಕೇಳಿಸಲಿಲ್ಲ. ನೀರು ಅಲ್ಲಿ ಸೆಳವಿನಲ್ಲಿತ್ತು. ಸೊಸೆ ಮುಖ ತಿರುಗಿಸಿಕೊಂಡು ಮಗಳ ಜಡೆಯನ್ನು ಸರಿಮಾಡಿದಳು.

ಹಿಂದಿರುಗುವಾಗ ಕನಕಗಿರಿಯಲ್ಲಿ ಅರ್ಧ ಗಂಟೆ ಕಾರು ನಿಂತಿತು. ಗುಜ್ಜಲ ವಂಶದ ನಾಯಕರು ಆಳಿದ ಊರು ಅದು. ಕನಕಾಚಲಪತಿಯ ರಂಗಮಂಟಪದಲ್ಲಿ ಒಂದು ಕಂಬವನ್ನು ಆರಿಸಿಕೊಂಡು, ಅದೊಂದನ್ನೇ ನಾಲ್ಕು ಸುತ್ತಿನಿಂದಲೂ ನೋಡಿದರು. ದಾರಿಯಲ್ಲಿ ಮಾಸ್ತರರು ಮಸ್ಕಿಯ ಮಾತು ತೆಗೆದರು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅಲ್ಲಿ ಕಂಡುಹಿಡಿದ ಶಾಸನದಿಂದಲೇ, ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ವಿದ್ವಾಂಸರಿಗೆ ಖಚಿತವಾದದ್ದು. ಅಶೋಕನ ಶಾಸನದಲ್ಲಿ ಬರುವ ಸುವರ್ಣಗಿರಿಯೆಂಬ ಪಟ್ಟಣ ಮಸ್ಕಿಯೆಂದು ಕೆಲವರು, ಕನಕಗಿರಿಯೆಂದು ಕೆಲವರು ಹೇಳುತ್ತಾರೆ. ಮಸ್ಕಿ ತುರ್ವಿಹಾಳಕ್ಕೆ ಹಂಪೆಗಿಂತಲೂ ಹತ್ತಿರ. ಈ ಮನೆಯಲ್ಲಿ ಅದನ್ನು ಸರಿಯಾಗಿ ನೋಡಿದವರು ಒಬ್ಬರೂ ಇಲ್ಲ! “ಮುಂದಿನ ಸಲ ಬಂದಾಗ ಅದು,” ಎಂದಳು ಮೊಮ್ಮಗಳು. ಅಜ್ಜಿ ಅವಳ ಕೈ ಹಿಡಿದುಕೊಂಡಳು.

ಮರುದಿನ ಬೆಳಗಿನ ಜಾವ. ಚಳಿಯಲ್ಲಿ ಕಾರಿನ ದೀಪಗಳು ಹೊತ್ತಿಕೊಂಡವು. ನಮ್ಮ ಭಾಷೆಯಲ್ಲಿ ಮನೆಯಿಂದ ಹೊರಡುವವರು ಹೋಗುತ್ತೇನೆ ಎಂದು ಹೇಳುವುದಿಲ್ಲ. ಹಾಗೆಂದರೆ ಹಿರಿಯರು ಗದರಿಸಿಕೊಳ್ಳುತ್ತಾರೆ. ಹೋಗಿ ಬರುತ್ತೇನೆ ಎನ್ನಬೇಕು. ಮರಳಿ ಬರುವ ವಾಗ್ದಾನವನ್ನು ರೋಮಿನವರು ನೀರಿನಲ್ಲಿ ಇಟ್ಟರು, ಕನ್ನಡದವರು ಮಾತಿನಲ್ಲಿ ಇಟ್ಟರು. ವರ್ಷಗಳಿಂದ ದೂರವಾಣಿಯಲ್ಲಿ ಪರಭಾಷೆಯ ಒಂದಕ್ಷರ ಹೇಳಿ ಮುಗಿಸುತ್ತಿದ್ದ ಮಗ, ಅಂದು ತಾಯಿಯ ಕಾಲಿಗೆರಗಿ, “ಹೋಗಿ ಬರ್ತೀನವ್ವ,” ಎಂದನು.

ಕಾರು ಕಣ್ಮರೆಯಾದ ಮೇಲೆ ಮಾಸ್ತರರು ಒಳಗೆ ಬಂದು ಪುಸ್ತಕವನ್ನು ತೆರೆದರು. ಮೂರನೆಯ ದಿನದ ಆರು ಹೆಸರುಗಳ ಮುಂದೆ ಒಂದಕ್ಕೂ ಕೆಂಪು ಗೆರೆಯಿರಲಿಲ್ಲ. ಕೆಳಗೆ ಏಳನೆಯದಾಗಿ ಮಸ್ಕಿಯೆಂದು ಬರೆದು, ಪಕ್ಕದಲ್ಲಿ ‘ಬಾಕಿ’ ಎಂದು ಗುರುತು ಹಾಕಿದರು. ಚಹಾ ತಂದಿಟ್ಟ ಮಡದಿ ಅದನ್ನು ಓದಿ, “ಇರಲಿ ಬಿಡ್ರಿ, ಬಾಕಿ ಇರಬೇಕು,” ಎಂದಳು.

ಸರಿಯಾದ ಮಾತು. ಎಲ್ಲ ಲೆಕ್ಕವೂ ಚುಕ್ತಾ ಆದ ಊರಿಗೆ ಯಾರು ಮರಳಿ ಹೋಗುತ್ತಾರೆ?